ತಿಳಿದಂತೆ ನಡೆಯದ ಮನಸ್ಸು

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನಲ್ಲಿ, ಯಲ್ಲಮ್ಮನ ಗುಡ್ಡದ ಮಗ್ಗುಲಿಗೆ, ಉಗರಗೋಳವೆಂಬ ಊರಿದೆ. ವರ್ಷದ ಬಹುಪಾಲು ದಿನಗಳಲ್ಲಿ ಅದು ತನ್ನ ಹೊಲಮನೆಗಳ ಚಿಂತೆಯಲ್ಲಿ ತಾನಿರುವ ಊರು. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬಂದುವೆಂದರೆ ಮಾತ್ರ ಸುತ್ತಿನ ದಾರಿಗಳಿಗೆ ಬಿಡುವೆಂಬುದಿಲ್ಲ. ಚಕ್ಕಡಿಗಳು, ಟ್ರ್ಯಾಕ್ಟರುಗಳು, ಬಸ್ಸುಗಳು. ಕರ್ನಾಟಕದವರಷ್ಟೇ ಅಲ್ಲದೆ ಮಹಾರಾಷ್ಟ್ರ, ಗೋವೆ, ಆಂಧ್ರ, ತೆಲಂಗಾಣಗಳಿಂದ ಬಂದ ಭಕ್ತಾದಿಗಳು. ಜೋಗುಳಬಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ಚೌಡಿಕೆಯ ನಾದಕ್ಕೆ ಹೆಜ್ಜೆ ಹಾಕುತ್ತ, ‘ಉಧೋ ಉಧೋ’ ಎಂದು ಕೂಗುತ್ತ ಗುಡ್ಡವೇರುವ ಆ ಜನಪ್ರವಾಹವನ್ನು ಒಮ್ಮೆ ಕಂಡವರು ಮರೆಯಲಾರರು.

ಹಾಗೆ ಬರುವವರಲ್ಲಿ ಬಹುಮಂದಿಯದು ನಮ್ಮ ನಿಮ್ಮಂತಹ ಸಂಸಾರಿಗಳ ಹರಕೆ: ಮಗುವಿನ ಜ್ವರ ಬಿಟ್ಟಿತು, ಮಳೆ ಬಂದಿತು, ಮಗಳ ಮದುವೆ ಕೂಡಿಬಂದಿತು. ಆದರೆ ಇದೇ ದಾರಿಯಲ್ಲಿ ತಲೆತಲಾಂತರದಿಂದ ಇನ್ನೊಂದು ಬಗೆಯ ಹರಕೆಯೂ ನಡೆದುಬಂದಿದೆ. ಮನೆಯಲ್ಲಿ ಗಂಡು ಸಂತಾನವಿಲ್ಲವೆಂದೋ, ಹುಡುಗಿಯ ತಲೆಗೂದಲು ಜಡೆಗಟ್ಟಿತೆಂದೋ, ವಾಸಿಯಾಗದ ಚರ್ಮರೋಗ ಬಂದಿತೆಂದೋ ಆಕೆಯ ಕೊರಳಿಗೆ ಕೆಂಪು ಬಿಳಿ ಮಣಿಗಳ ‘ಮುತ್ತು’ ಕಟ್ಟಿಸಿ ದೇವಿಗೆ ಬಿಟ್ಟುಬಿಡುವ ಹರಕೆ ಅದು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ಪ್ರಾಯಕ್ಕೆ ಬಂದ ಮೇಲೆ ಯಾವನೋ ಒಬ್ಬ ಉಳ್ಳವನ ಆಶ್ರಯ; ಅವನು ಕೈಬಿಟ್ಟರೆ ಹಲವರ ಪಾಲಿಗೆ ಸಾಂಗಲಿ, ಪುಣೆ, ಮುಂಬಯಿಯ ಓಣಿಗಳು.

1981ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾದ, 1986ರಲ್ಲಿ ಅಂದಿನ ಮದರಾಸಿನಲ್ಲಿ ನಮ್ಮ ದೇಶದೊಳಗೆ ಪತ್ತೆಯಾದ ಎಚ್‌ಐವಿ ಸೋಂಕು, ಕೆಲವೇ ವರ್ಷಗಳಲ್ಲಿ ಆ ಓಣಿಗಳಿಂದ ಈ ಹಳ್ಳಿಗಳಿಗೂ ಬಂದು ಮುಟ್ಟಿತು. ದೇಶದಲ್ಲಿ ಸೋಂಕು ಹೆಚ್ಚೆಂದು ಗುರುತಿಸಲಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಯಿತು. ಅದರಲ್ಲಿಯೂ ಬೆಳಗಾವಿ, ಬಾಗಲಕೋಟೆಗಳಂತಹ ಉತ್ತರದ ಜಿಲ್ಲೆಗಳು ಹೆಚ್ಚು ಬಾಧೆಗೊಳಗಾದುವು.

ರೋಗದ ಮೂಲ ತಿಳಿದಿತ್ತು. ಅದು ಹರಡುವ ಬಗೆ ತಿಳಿದಿತ್ತು. ತಡೆಯುವ ಸಾಧನವಾದ ನಿರೋಧವೂ ಅಗ್ಗವಾಗಿ ದೊರೆಯುತ್ತಿತ್ತು. ಅಂದ ಮೇಲೆ ಜನಕ್ಕೆ ವಿಷಯ ತಿಳಿಸಿದರೆ ಸಾಕಲ್ಲವೆ? ಸಾಲದು. ಏಕೆ ಸಾಲದೆಂಬುದನ್ನು ವಿಚಾರಿಸುವ ಶಾಸ್ತ್ರವೊಂದಿದೆ. ಅದನ್ನು ಸಮಾಜ ಮನೋವಿಜ್ಞಾನವೆಂದು ಕರೆಯುತ್ತಾರೆ. ಅದು ಕಂಡುಕೊಂಡ ಸತ್ಯ ನಮ್ಮ ಅಜ್ಜಿಯರಿಗೆ ತಿಳಿಯದುದೇನಲ್ಲ: ಮನುಷ್ಯನು ತಾನು ತಿಳಿದುದನ್ನು ಮಾಡುವುದಕ್ಕಿಂತ ತನ್ನವರು ಒಪ್ಪುವುದನ್ನು ಮಾಡುವುದೇ ಹೆಚ್ಚು.

ಉಪನ್ಯಾಸಕ್ಕೆ ಬಗ್ಗದ ಅಡುಗೆಮನೆ

ಎರಡನೆಯ ಮಹಾಯುದ್ಧದ ಕಾಲದ ಮಾತು. ಅಮೆರಿಕದಲ್ಲಿ ಒಳ್ಳೆಯ ಮಾಂಸವೆಲ್ಲ ಸೈನ್ಯಕ್ಕೆ ಹೋಗುತ್ತಿತ್ತು. ಪ್ರಾಣಿಯ ಹೃದಯ, ಮೂತ್ರಪಿಂಡ ಮೊದಲಾದ, ಜನ ಮೂಗು ಮುರಿಯುವ ಭಾಗಗಳನ್ನು ಮನೆಮನೆಗಳಲ್ಲಿ ಬಳಸುವಂತೆ ಮಾಡಬೇಕಾಗಿತ್ತು. ಜರ್ಮನಿಯಿಂದ ವಲಸೆ ಬಂದಿದ್ದ ಕರ್ಟ್ ಲೆವಿನ್ ಎಂಬ ಮನೋವಿಜ್ಞಾನಿ ಅಯೋವಾ ಪ್ರಾಂತದ ಗೃಹಿಣಿಯರನ್ನು ಕೂಡಿಸಿ ಪ್ರಯೋಗವೊಂದನ್ನು ನಡೆಸಿದನು. ಕೆಲವು ಗುಂಪುಗಳಿಗೆ ಸೊಗಸಾದ ಉಪನ್ಯಾಸ: ಪೌಷ್ಟಿಕಾಂಶ, ಮಿತವ್ಯಯ, ದೇಶಸೇವೆ, ಜೊತೆಗೆ ಅಡುಗೆಯ ವಿಧಾನ. ಉಳಿದ ಗುಂಪುಗಳಲ್ಲಿ ಉಪನ್ಯಾಸವಿಲ್ಲ. ‘ನಮ್ಮಂತಹ ಗೃಹಿಣಿಯರಿಗೆ ಇದು ಸಾಧ್ಯವೇ, ಅಡ್ಡಿಯೇನು?’ ಎಂದು ತಮ್ಮತಮ್ಮಲ್ಲೇ ಚರ್ಚೆ. ಕೊನೆಗೆ, ಈ ವಾರ ಮಾಡಿ ನೋಡುವವರು ಕೈಯೆತ್ತಬೇಕೆಂದು ಕೋರಿಕೆ.

ಬಳಿಕ ವಿಚಾರಿಸಿದಾಗ, ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ ಮೂವರು ಆ ಅಡುಗೆ ಮಾಡಿದ್ದರು. ಚರ್ಚಿಸಿ ಕೈಯೆತ್ತಿದ ಗುಂಪುಗಳಲ್ಲಿ ನೂರಕ್ಕೆ 32 ಮಂದಿ. ತಿಳಿವಳಿಕೆ ಇಬ್ಬರಿಗೂ ಸಿಕ್ಕಿತ್ತು. ಎರಡನೆಯವರಿಗೆ ಸಿಕ್ಕ ಹೆಚ್ಚಿನದೆಂದರೆ ನೆರೆಯವಳ ಎತ್ತಿದ ಕೈಯ ನೋಟ ಮಾತ್ರ.

ಹೆದರಿಸಿದರೆ ಆದೀತೆ?

‘ಹೇಳಿದರೆ ಕೇಳದವರನ್ನು ಹೆದರಿಸಬೇಕು’ ಎಂಬುದು ಹಲವು ಮನೆಗಳ ನ್ಯಾಯ. ಇದನ್ನೂ ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. 1953ರಲ್ಲಿ ಜ್ಯಾನಿಸ್ ಮತ್ತು ಫೆಶ್‌ಬ್ಯಾಕ್ ಎಂಬಿಬ್ಬರು ಹೈಸ್ಕೂಲು ವಿದ್ಯಾರ್ಥಿಗಳಿಗೆ ಹಲ್ಲುಗಳ ರಕ್ಷಣೆಯನ್ನು ಕುರಿತು ಮೂರು ಬಗೆಯ ಪಾಠ ಕೊಟ್ಟರು. ಒಂದರಲ್ಲಿ ಕೊಳೆತ ವಸಡು, ಭಯಂಕರ ಬಾಧೆ. ಇನ್ನೊಂದರಲ್ಲಿ ಹದವಾದ ಎಚ್ಚರಿಕೆ. ಮೂರನೆಯದರಲ್ಲಿ ಸಮಾಧಾನದ ಮಾತು. ತುಂಬ ಹೆದರಿದವರೇ ತುಂಬ ಬದಲಾದಾರೆಂದು ನೀವು ಊಹಿಸಿದರೆ ತಪ್ಪಾದೀತು. ವಾರದ ಮೇಲೆ ನೋಡಿದರೆ, ಸಮಾಧಾನದ ಮಾತು ಕೇಳಿದವರಲ್ಲಿ ನಿವ್ವಳ ಸುಧಾರಣೆ ನೂರಕ್ಕೆ 36. ಅತಿಯಾಗಿ ಹೆದರಿದವರಲ್ಲಿ ಬರಿಯ 8. ಭಯ ಮಿತಿಮೀರಿದಾಗ ಮನಸ್ಸು ರೋಗವನ್ನು ದೂಡುವುದಿಲ್ಲ, ರೋಗದ ವಿಚಾರವನ್ನೇ ದೂಡುತ್ತದೆ. ಭಯಕ್ಕೆ ಕೆಲಸವೇ ಇಲ್ಲವೆಂದಲ್ಲ. ಪಾರಾಗುವ ದಾರಿ ಕೈಗೆಟುಕುವಂತಿದ್ದು, ಅದು ತನ್ನಿಂದ ಸಾಧ್ಯವೆಂಬ ನಂಬಿಕೆ ಜೊತೆಗಿದ್ದಾಗ ಎಚ್ಚರಿಕೆಯು ಫಲ ಕೊಡುತ್ತದೆಂದು ಮುಂದಿನ ಸಂಶೋಧನೆಗಳು ತೋರಿಸಿವೆ.

ಏಡ್ಸ್ ವಿಷಯದಲ್ಲಿ ಈ ಪಾಠವನ್ನು ಲೋಕವು ದುಬಾರಿಯಾಗಿ ಕಲಿಯಿತು. 1987ರಲ್ಲಿ ಆಸ್ಟ್ರೇಲಿಯದ ದೂರದರ್ಶನದಲ್ಲಿ ಮೃತ್ಯುವೇ ಗೂನಿ ಕತ್ತಿ ಹಿಡಿದು ಬಂದು, ಹೆಂಗಸರು ಮಕ್ಕಳನ್ನು ಚೆಂಡೆಸೆದು ಉರುಳಿಸುವ ಜಾಹೀರಾತು ಪ್ರಸಾರವಾಯಿತು. ದೇಶವೇನೋ ಬೆಚ್ಚಿಬಿದ್ದಿತು. ಆದರೆ ನೋಡಿದವರಲ್ಲಿ ಹಲವರು ರೋಗಕ್ಕಲ್ಲ, ರೋಗಿಗೇ ಹೆದರತೊಡಗಿದರು. ರೋಗಿಗೆ ಹೆದರುವ ಊರಿನಲ್ಲಿ ಪರೀಕ್ಷೆಗೆ ಹೋಗುವವರು ಯಾರು? ಪರೀಕ್ಷೆಯಿಲ್ಲದೆ ಚಿಕಿತ್ಸೆಯೆಲ್ಲಿ?

ಕಾನೂನು ಬಂದರೂ ಬಿಚ್ಚದ ಗಂಟು

ಈಗ ಮತ್ತೆ ಗುಡ್ಡದ ಕಡೆಗೆ ತಿರುಗೋಣ. ಬೆಳಗಾವಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆ ಕಾನೂನು ಬಂದಿತ್ತು. 1982ರಲ್ಲಿ ಕರ್ನಾಟಕ ಶಾಸನಸಭೆಯು ಇನ್ನೂ ಬಿಗಿಯಾದ ನಿಷೇಧ ಕಾಯಿದೆಯನ್ನು ಮಾಡಿತು. ಆದರೂ 1993-94ರ ಗಣತಿಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ಕಂಡುಬಂದರು. 2007-08ರ ಗಣತಿಯ ಹೊತ್ತಿಗೆ ಒಟ್ಟು ಲೆಕ್ಕ 46,660ಕ್ಕೆ ಮುಟ್ಟಿತು. ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುತ್ತಿದ್ದುದು ಬೇರೆಡೆ, ಮನೆಯ ಕತ್ತಲಲ್ಲಿ ಗುಟ್ಟಾಗಿ ನಡೆಯತೊಡಗಿತು.

ಮಗಳಿಗೆ ಮುತ್ತು ಕಟ್ಟಿಸಿದ ತಾಯಿ ಕ್ರೂರಿಯೆಂದು ಹೇಳಿ ಮುಗಿಸುವುದು ಸುಲಭ. ಆಕೆಯ ಮನಸ್ಸನ್ನು ಹೊಕ್ಕು ನೋಡಿದರೆ ಕಾಣುವುದೇ ಬೇರೆ. ಅತ್ತ ದೇವಿಯ ಸಿಟ್ಟಿನ ಅಂಜಿಕೆ, ಇತ್ತ ಬಡತನ, ನಡುವೆ, ‘ನಮ್ಮ ಮನೆತನದಲ್ಲಿ ನಡೆದುಬಂದದ್ದು’ ಎನ್ನುವ ಹಿರಿಯರು ಮತ್ತು ಕಟ್ಟಿಸದಿದ್ದರೆ ಊರಿಗೆ ಬಂದ ಕೇಡನ್ನೆಲ್ಲ ತನ್ನ ತಲೆಗೆ ಕಟ್ಟುವ ನೆರೆಹೊರೆ. ಇಂತಹವಳ ಕೈಗೆ ಕಾನೂನಿನ ಪುಸ್ತಕ ಕೊಟ್ಟರೆ ಅವಳು ಒಂಟಿಯಾಗಿಯೇ ಉಳಿಯುತ್ತಾಳೆ. ಅವಳಿಗೆ ಬೇಕಾಗಿದ್ದುದು ಇನ್ನೊಂದು ನೆರೆಹೊರೆ.

ಆ ನೆರೆಹೊರೆಯನ್ನು ಕಟ್ಟಿದವರು ಮುತ್ತು ಕಟ್ಟಿಸಿಕೊಂಡವರೇ ಎಂಬುದು ಈ ಕಥೆಯ ಹೃದ್ಯವಾದ ಭಾಗ. 1997ರಲ್ಲಿ ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರದೇ ಆದ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ರೂಪುಗೊಂಡಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ ಏಳರ ಹರೆಯದಲ್ಲೇ ಮುತ್ತು ಕಟ್ಟಲಾಗಿತ್ತು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಸ್ವಸಹಾಯ ಸಂಘ, ಉಳಿತಾಯ, ಸಾಲ, ಹೈನುಗಾರಿಕೆಗಳ ನಡುವೆ ಈ ಮಹಿಳೆಯರು ಮನೆಮನೆಗೆ ಹೋಗಿ ಹೇಳಿದುದು ಒಂದೇ ಮಾತು: ನಮಗಾದುದು ನಮ್ಮ ಮಕ್ಕಳಿಗೆ ಬೇಡ. ಅಧಿಕಾರಿ ಹೇಳಿದರೆ ಅದು ಆಜ್ಞೆ; ಪಂಡಿತ ಹೇಳಿದರೆ ಉಪದೇಶ; ಅದೇ ಮಣಿಯನ್ನು ಧರಿಸಿದ್ದವಳು ಹೇಳಿದಾಗ ಅದು ಸಾಕ್ಷ್ಯ. ದೇವಿಯ ಸಿಟ್ಟಿಗೆ ಅಂಜಿದ ತಾಯಿಗೆ, ಮುತ್ತು ಬಿಚ್ಚಿಟ್ಟ ಮೇಲೂ ನೆಮ್ಮದಿಯಾಗಿ ಬಾಳುತ್ತಿರುವ ಹೆಂಗಸನ್ನು ಎದುರಿಗೇ ಕಾಣುವುದಕ್ಕಿಂತ ದೊಡ್ಡ ಪ್ರಮಾಣ ಬೇಕೆ?

ಗೆಳತಿಯ ಮಾತು

ರೋಗ ತಡೆಯುವ ಕೆಲಸದಲ್ಲಿಯೂ ಇದೇ ತತ್ವ ಕೈಹಿಡಿಯಿತು. 1992ರಲ್ಲಿ ಕಲಕತ್ತೆಯ ಸೋನಾಗಾಚಿಯಲ್ಲಿ ಡಾಕ್ಟರ್ ಸ್ಮರಜಿತ್ ಜಾನಾ ಅವರು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರನ್ನೇ ಆರೋಗ್ಯದ ಶಿಕ್ಷಕಿಯರನ್ನಾಗಿ ಮಾಡಿದರು. ಅದೇ ಸುಮಾರಿಗೆ ನಮ್ಮ ಗಡಿಯಾಚೆಯ ಸಾಂಗಲಿಯಲ್ಲಿ ‘ಸಂಗ್ರಾಮ್’ ಸಂಸ್ಥೆಯೂ ಇಂತಹ ಕೆಲಸವನ್ನು ಆರಂಭಿಸಿತು. ಅಲ್ಲಿಯ ಮಹಿಳೆಯರಲ್ಲಿ ಕರ್ನಾಟಕದ ಕಡೆಯಿಂದ ಹೋದ ಕನ್ನಡ ಮಾತಿನವರು ಎಷ್ಟೋ ಮಂದಿ. 2001ರಿಂದ ಬಾಗಲಕೋಟೆಯಲ್ಲಿ ಭಾರತ-ಕೆನಡಾ ಸಹಕಾರದ ಯೋಜನೆಯೊಂದು ನಡೆಯಿತು. 2003ರಲ್ಲಿ ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್ ಸ್ಥಾಪನೆಯಾಗಿ, ಬೆಳಗಾವಿಯೂ ಸೇರಿದಂತೆ ಹಲವು ಜಿಲ್ಲೆಗಳಿಗೆ ಈ ಕಾರ್ಯ ಹಬ್ಬಿತು.

ಗೆಳತಿ-ಶಿಕ್ಷಕಿಯ ಕೆಲಸ ಭಾಷಣ ಮಾಡುವುದಲ್ಲ. ತನ್ನ ಪರಿಚಯದ ಕೆಲವು ಹತ್ತು ಮಂದಿಯನ್ನು ವಾರವಾರವೂ ಕಂಡು ಮಾತನಾಡುವುದು. ನಿರೋಧ ಒಪ್ಪದ ಗಿರಾಕಿಗೆ ಏನೆಂದು ಹೇಳಬೇಕೆಂಬುದನ್ನು ಆಡಿತೋರಿಸುವುದು. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು. ಪೋಲೀಸರ ಕಾಟವಾದರೆ ಸಂಘವನ್ನು ಕರೆತರುವುದು. ಒಬ್ಬಳೇ ‘ಬೇಡ’ ಎಂದರೆ ಗಿರಾಕಿ ಪಕ್ಕದವಳ ಬಳಿಗೆ ಹೋಗುತ್ತಾನೆ. ಆ ಊರಿನ ಎಲ್ಲರೂ ಅದೇ ಮಾತನ್ನಾಡಿದರೆ ಅವನು ಹೋಗುವುದೆಲ್ಲಿಗೆ? ಒಬ್ಬಳ ಧೈರ್ಯವು ಊರಿನ ಪದ್ಧತಿಯಾಗುವುದೆಂದರೆ ಇದೇ.

ಫಲವಾಯಿತೆ? ಬೆಳಗಾವಿ, ಬಳ್ಳಾರಿ, ಬೆಂಗಳೂರು, ಮೈಸೂರು, ಶಿವಮೊಗ್ಗ ಜಿಲ್ಲೆಗಳಲ್ಲಿ 2004ರಿಂದ 2009ರೊಳಗೆ ಎರಡು ಬಾರಿ ಸಮೀಕ್ಷೆ ನಡೆದಿದೆ. ಆ ವೃತ್ತಿಯ ಮಹಿಳೆಯರಲ್ಲಿ ಎಚ್‌ಐವಿ ಸೋಂಕಿದ್ದವರು ನೂರಕ್ಕೆ 19.6ರಿಂದ 16.4ಕ್ಕೆ ಇಳಿದರು. ಮರಳಿ ಬರುವ ಗಿರಾಕಿಗಳೊಡನೆ ನಿರೋಧ ಬಳಸುವುದಾಗಿ ಹೇಳಿದವರು ಸುಮಾರು 66ರಿಂದ 84ಕ್ಕೆ ಏರಿದರು. ಇದೆಲ್ಲವೂ ಗೆಳತಿಯರ ಮಾತಿನಿಂದಲೇ ಆಯಿತೆನ್ನಲಾಗದು. ಚಿಕಿತ್ಸಾಲಯಗಳೂ ಔಷಧಿಗಳೂ ಜೊತೆಗಿದ್ದುವು. ಆದರೆ ಆ ಚಿಕಿತ್ಸಾಲಯದ ಬಾಗಿಲವರೆಗೆ ಕೈಹಿಡಿದು ಕರೆದೊಯ್ದವರು ಅವರೇ.

ಗೆಳತಿಯ ಮಾತಿಗೆ ಇನ್ನೊಂದು ಗುಣವುಂಟು. ಅದು ಕೇಳಿದವಳನ್ನಷ್ಟೇ ಅಲ್ಲ, ಹೇಳಿದವಳನ್ನೂ ಕಟ್ಟಿಹಾಕುತ್ತದೆ. 1994ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯದ ಪ್ರಯೋಗವೊಂದರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಂದ ಕಿರಿಯರಿಗಾಗಿ ನಿರೋಧದ ಪರವಾಗಿ ಭಾಷಣ ಮಾಡಿಸಿದರು. ಬಳಿಕ, ತಾವೇ ಅದನ್ನು ಬಳಸದೆ ಹೋದ ಸಂದರ್ಭಗಳನ್ನು ನೆನಪಿಸಿಕೊಳ್ಳುವಂತೆ ಕೇಳಿದರು. ಆಡಿದ ಮಾತಿಗೂ ನಡೆಗೂ ಇರುವ ಅಂತರ ಕಣ್ಣಿಗೆ ಬಿದ್ದುದೇ ತಡ, ಅವರಲ್ಲಿ ನೂರಕ್ಕೆ 83 ಮಂದಿ ಹೊರಡುವಾಗ ನಿರೋಧವನ್ನು ಕೊಂಡರು. ಬರಿಯ ಭಾಷಣ ಮಾಡಿದವರಾಗಲಿ, ಬರಿಯ ತಪ್ಪನ್ನು ನೆನೆದವರಾಗಲಿ ಅಷ್ಟು ಸಂಖ್ಯೆಯಲ್ಲಿ ಕೊಳ್ಳಲಿಲ್ಲ. ನುಡಿದಂತೆ ನಡೆಯಬೇಕೆಂಬ ಒಳಗಿನ ಒತ್ತಾಯವು ಹೊರಗಿನ ಉಪದೇಶಕ್ಕಿಂತ ಬಲವಾದುದು.

ಪ್ರೀತಿಯ ಬಾಗಿಲಲ್ಲಿ ನಿಂತ ಜಾಣತನ

ಇಷ್ಟಕ್ಕೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಗಿರಾಕಿಗಳ ಮುಂದೆ ಗಟ್ಟಿಯಾಗಿ ನಿಂತ ಅದೇ ಮಹಿಳೆ, ತಾನು ಗಂಡನೆಂದೇ ಭಾವಿಸಿದ ಸಂಗಾತಿಯ ಮುಂದೆ ಸೋಲುತ್ತಾಳೆ. ದುಡ್ಡು ಕೊಡುವವನೊಡನೆ ನಿರೋಧವು ವೃತ್ತಿಯ ನಿಯಮ. ಮನಸ್ಸು ಕೊಟ್ಟವನೊಡನೆ ಅದು ಅಪನಂಬಿಕೆಯ ಗುರುತು. ಅದನ್ನು ಬೇಡಿದರೆ ‘ನನ್ನನ್ನೂ ಅವರ ಸಾಲಿಗೆ ಸೇರಿಸಿದೆಯಾ?’ ಎಂಬ ಪ್ರಶ್ನೆ. ಎಷ್ಟೋ ವೇಳೆ ಏಟು.

2010ರ ದಶಕದಲ್ಲಿ ಬಾಗಲಕೋಟೆ ಜಿಲ್ಲೆಯ 47 ಹಳ್ಳಿಗಳಲ್ಲಿ ‘ಸಂವೇದನಾ ಪ್ಲಸ್’ ಎಂಬ ಯೋಜನೆ ಇದೇ ಗಂಟನ್ನು ಬಿಡಿಸಲು ಹೊರಟಿತು. ಮಹಿಳೆಯರೊಡನೆ, ಅವರ ಸಂಗಾತಿಗಳೊಡನೆ, ಊರಿನ ಮುಖ್ಯಸ್ಥರೊಡನೆ ಮಾತುಕತೆ ನಡೆಯಿತು. ಕೊನೆಯಲ್ಲಿ ಲೆಕ್ಕ ಹಾಕಿದಾಗ, ಹೊಡೆತಬಡಿತಗಳಲ್ಲಾಗಲಿ ನಿರೋಧದ ಬಳಕೆಯಲ್ಲಾಗಲಿ ಯೋಜನೆಯಿಂದಲೇ ಆಯಿತೆನ್ನುವಂತಹ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಆದರೆ ಹೊಡೆತವನ್ನು ಸಹಜವೆಂದು ಒಪ್ಪುವ ಮನೋಭಾವ ಕಡಿಮೆಯಾಗಿತ್ತು. ಮಹಿಳೆಯರ ನಡುವಣ ಒಗ್ಗಟ್ಟು ಹೆಚ್ಚಿತ್ತು.

ಇದನ್ನು ಸೋಲೆಂದು ಮರೆಮಾಚಬೇಕಾಗಿಲ್ಲ. ಸಂಘದ ಬಲವು ಬೀದಿಯವರೆಗೆ ಬರುತ್ತದೆ, ಹೊಸ್ತಿಲು ದಾಟಿ ಒಳಗೆ ಬರುವುದು ಕಷ್ಟ. ಒಳಗೆ ಇರುವವರು ಇಬ್ಬರೇ. ಅಲ್ಲಿ ಸಾಕ್ಷಿಗಳಿಲ್ಲ, ಎತ್ತಿದ ಕೈಗಳಿಲ್ಲ. ಈ ಮಾತು ಆ ಹಳ್ಳಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ ಎಂಬುದನ್ನು ಪಟ್ಟಣದ ಸದ್ಗೃಹಸ್ಥರೂ ಗಮನಿಸಬೇಕು. ಪರವೂರಿನಲ್ಲಿ ನೌಕರಿಯಲ್ಲಿರುವ ಗಂಡನನ್ನು ‘ಪರೀಕ್ಷೆ ಮಾಡಿಸಿಕೊಂಡಿದ್ದೀರಾ?’ ಎಂದು ಕೇಳುವ ಹೆಂಡತಿ ನಮ್ಮ ಓಣಿಯಲ್ಲಿ ಎಷ್ಟು ಮಂದಿ? ಮದುವೆಗೆ ಮುಂಚೆ ಜಾತಕ ಕೇಳುವಾಗ ನಾಚದ ನಾವು ರಕ್ತಪರೀಕ್ಷೆಯ ಮಾತಿಗೆ ನಾಚುವುದೇಕೆ? ತಿಳಿವಳಿಕೆಯ ಕೊರತೆಯಿಂದಲ್ಲ, ‘ಬೀಗರು ಏನೆಂದಾರು’ ಎಂಬ ಅಳುಕಿನಿಂದ.

ನಮ್ಮ ಪಾಲಿನ ಕೆಲಸ

ಇಂದು ಈ ರೋಗದ ಮುಖವೇ ಬದಲಾಗಿದೆ. ನಮ್ಮ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿ ಸೋಂಕಿನೊಡನೆ ಬಾಳುತ್ತಿದ್ದಾರೆ. ಬಾಳುತ್ತಿದ್ದಾರೆ ಎಂಬ ಶಬ್ದವನ್ನು ಬೇಕೆಂದೇ ಬಳಸಿದೆ. 2004ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಕೂಡಲೇ ಚಿಕಿತ್ಸೆ ಆರಂಭಿಸುವ ನೀತಿ ಬಂದಿದೆ. ಔಷಧಿಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಕ್ಕದಷ್ಟು ಕುಗ್ಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಬಂಧದಿಂದ ಅದು ಸಂಗಾತಿಗೆ ಹರಡುವುದಿಲ್ಲವೆಂಬುದು ಸಿದ್ಧವಾಗಿರುವ ಸಂಗತಿ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಸಕಾಲದ ಚಿಕಿತ್ಸೆಯಿಂದ ಅದು 5ಕ್ಕಿಂತಲೂ ಕೆಳಗಿಳಿಯುತ್ತದೆ. ಮುಟ್ಟುವುದರಿಂದ, ಒಟ್ಟಿಗೆ ಉಣ್ಣುವುದರಿಂದ, ಒಂದೇ ಬಟ್ಟಲಲ್ಲಿ ಚಹಾ ಕುಡಿಯುವುದರಿಂದ, ಸೊಳ್ಳೆ ಕಚ್ಚುವುದರಿಂದ ಇದು ಬಾರದು.

2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸೋಂಕಿತರಿಗೆ ಶಾಲೆಯಲ್ಲಾಗಲಿ, ನೌಕರಿಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ಬಾಡಿಗೆ ಮನೆಯಲ್ಲಾಗಲಿ ಭೇದ ಮಾಡುವುದನ್ನು ಅದು ನಿಷೇಧಿಸುತ್ತದೆ. ಸರಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ ಮತ್ತು ಗೋಪ್ಯ. 1097 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಕ್ಕುತ್ತದೆ.

ಔಷಧಿಯಿದೆ, ಕಾನೂನಿದೆ. ಇನ್ನೂ ಆಗಬೇಕಾದುದು ನಮ್ಮ ಮನೆಗಳಲ್ಲಿ. ಮನುಷ್ಯನು ತನ್ನವರ ಮುಖ ನೋಡಿ ನಡೆಯುತ್ತಾನೆಂಬುದು ನಿಜವಾದರೆ, ಆ ‘ತನ್ನವರು’ ಎಂದರೆ ನಾವೇ ಅಲ್ಲವೆ? ಸೋಂಕಿತನ ಸುದ್ದಿ ಬಂದಾಗ ಊಟದ ಮನೆಯಲ್ಲಿ ನಾವಾಡುವ ಮಾತನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಾವು ನಕ್ಕೆವೆಂದರೆ, ನಾಳೆ ಆ ಮಗುವೇ ಬೆಳೆದು ಸಂಕಟಕ್ಕೆ ಸಿಕ್ಕಿದಾಗ ನಮ್ಮ ಬಳಿಗೆ ಬಾರದು. ವೈದ್ಯರ ಬಳಿಗೂ ಹೋಗಲು ಅಂಜೀತು. ‘ಪರೀಕ್ಷೆ ಮಾಡಿಸಿಕೊಂಡದ್ದು ಒಳ್ಳೆಯದಾಯಿತು, ಈಗ ಔಷಧಿಯಿದೆ’ ಎಂಬ ಒಂದು ಸಾದಾ ಮಾತು ಗೋಡೆಗೆ ಹಚ್ಚಿದ ನೂರು ಭಿತ್ತಿಪತ್ರಗಳಿಗೆ ಸಮ.

ಮುಂದಿನ ಹುಣ್ಣಿಮೆಗೂ ಉಗರಗೋಳದ ಸುತ್ತಿನ ದಾರಿಗಳಲ್ಲಿ ಜನ ನೆರೆದಾರು, ಭಂಡಾರ ಹಾರೀತು, ಚೌಡಿಕೆ ನುಡಿದೀತು. ಯಾರೂ ಆ ಗುಡ್ಡವನ್ನು ಒಂಟಿಯಾಗಿ ಏರುವುದಿಲ್ಲ. ಮುಂದಿನವನ ಹೆಜ್ಜೆ ನೋಡಿ ಹಿಂದಿನವನು ಹೆಜ್ಜೆ ಇಡುತ್ತಾನೆ, ದಣಿದವಳಿಗೆ ಪಕ್ಕದವಳು ಕೈ ಕೊಡುತ್ತಾಳೆ. ಒಂದು ಕಾಲಕ್ಕೆ ಹುಡುಗಿಯೊಬ್ಬಳನ್ನು ಮುತ್ತಿನ ಕಡೆಗೆ ತಳ್ಳಿದುದೂ ಇಂತಹ ಗುಂಪೇ. ‘ನಮ್ಮ ಮಗಳಿಗೆ ಬೇಡ’ ಎಂದು ಅವಳನ್ನು ಹಿಂದಕ್ಕೆ ಕರೆದುಕೊಂಡು ಬಂದುದೂ ಇಂತಹ ಗುಂಪೇ. ನಾವು ಯಾವುದರಲ್ಲಿ ನಿಂತಿದ್ದೇವೆಂಬುದನ್ನು ಮಾತ್ರ ಆಗಾಗ ನೋಡಿಕೊಳ್ಳುತ್ತಿರಬೇಕು.